ಮೆಲ್ಲಗೆ ಪುಟ್ಟಿ, ಕೆಳಗಿನ ಮನೆ ಅಂಕಲ್ ಮಲಗಿದ್ದಾರೆ

ಪುಟ್ಟಿ ಏಳುತ್ತಿದ್ದದ್ದು ಬೆಳಗ್ಗೆ ಐದೂವರೆಗೆ. ಡಿಸೆಂಬರ್‌ನಲ್ಲಿ ಸೂರ್ಯ ಏಳುತ್ತಿದ್ದದ್ದು ಏಳೂ ಮುಕ್ಕಾಲಿಗೆ. ನಡುವಿನ ಎರಡೂಕಾಲು ಗಂಟೆ ಕತ್ತಲಲ್ಲಿ, ಎರಡು ವರ್ಷದ ಮಗುವನ್ನು ಇಟ್ಟುಕೊಂಡು ಏನು ಮಾಡಬೇಕು ಅಂತ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ನಾವು 2018ರ ಅಕ್ಟೋಬರ್‌ನಲ್ಲಿ ಮೈಸೂರಿನಿಂದ ಅಮೆರಿಕದ ಮಿನ್ನೆಸೋಟಕ್ಕೆ ಬಂದೆವು. ಮಿನಿಯಾಪೊಲಿಸ್ ಪಕ್ಕದ ಈಡನ್ ಪ್ರೇರಿ ಅನ್ನೋ ಊರು. ಕೆಲಸ ನನ್ನ ಹೆಂಡತಿಯದು, ವೀಸಾನೂ ಅವಳದೇ. ನನ್ನದು ಅದರ ಬಾಲಂಗೋಚಿ, ಎಚ್-4. ಈ ವೀಸಾದಲ್ಲಿ ಬಂದವರು ಸುಮ್ನೆ ಹೋಗಿ ಕೆಲಸಕ್ಕೆ ಸೇರುವ ಹಾಗಿಲ್ಲ. 2015ರಿಂದ ಕೆಲವರಿಗೆ ಅನುಮತಿ ಕೊಡುತ್ತಿದ್ದಾರೆ, ಆದರೆ ಅದಕ್ಕೆ ಮೊದಲು ಗಂಡನದೋ ಹೆಂಡತಿಯದೋ ಗ್ರೀನ್ ಕಾರ್ಡ್ ಕಾಗದಪತ್ರ ಒಂದು ಹಂತ ದಾಟಿರಬೇಕು. ನಮ್ಮದು ಶುರುವೇ ಆಗಿರಲಿಲ್ಲ. ಹನ್ನೊಂದು ವರ್ಷ ಕಂಪ್ಯೂಟರ್ ಮುಂದೆ ಕೂತವನು ಹೀಗೆ ಮಗು ನೋಡಿಕೊಳ್ಳೋನಾದೆ. ಊರಲ್ಲಿ ನಮ್ಮ ದೊಡ್ಡಪ್ಪ "ಪಾಪ, ಅಷ್ಟು ದೂರ ಹೋಗಿ ಮನೇಲಿ ಕೂತಿದ್ದಾನಂತೆ" ಅಂದರಂತೆ. ಕೂತಿದ್ದಾನಂತೆ! ಆ ಚಳಿಗಾಲದಲ್ಲಿ ನಾನು ಕೂತ ನೆನಪೇ ಇಲ್ಲ.

ಮೈಸೂರಲ್ಲಿ ಪುಟ್ಟಿ ಮನೆಯೊಳಗೆ ಇರುತ್ತಿದ್ದದ್ದು ಊಟಕ್ಕೆ ಮತ್ತು ನಿದ್ದೆಗೆ. ಮಿಕ್ಕ ಹೊತ್ತೆಲ್ಲ ಬೀದಿ. ಎದುರು ಮನೆ ಜಗುಲಿ, ಸೊಪ್ಪಿನಮ್ಮನ ಬುಟ್ಟಿ, ಮೂಲೆ ಮನೆಯ ನಾಯಿ, ಇಸ್ತ್ರಿ ಗಾಡಿ. ಯಾರ ಮನೆಯಲ್ಲಿ ಇದ್ದಾಳೆ ಅಂತ ಕೂಗಿ ಕರೆದರೆ ಮೂರು ಮನೆಯಿಂದ ಉತ್ತರ ಬರುತ್ತಿತ್ತು. ಇಲ್ಲಿ ಎರಡನೇ ಮಹಡಿಯ ಅಪಾರ್ಟ್‌ಮೆಂಟ್. ಬಾಗಿಲು ತೆಗೆದರೆ ಕಾರ್ಪೆಟ್ ಹಾಸಿದ ಉದ್ದನೆ ಕಾರಿಡಾರ್, ಎರಡೂ ಕಡೆ ಮುಚ್ಚಿದ ಬಾಗಿಲು. ಮೊದಲ ವಾರ ಅವಳು ಪ್ರತಿ ಬಾಗಿಲಿಗೂ ಹೋಗಿ ಬಡಿದಳು. ಯಾರೋ ಆಂಟಿ ಬರುತ್ತಾರೆ ಅಂತ ನಿಂತು ಕಾದಳು. ಆಮೇಲೆ ಬಿಟ್ಟಳು.

ಹೆಂಡತಿ ಬೆಳಗ್ಗೆ ಏಳೂವರೆಗೆ ಕಾರು ತಗೊಂಡು ಹೋದರೆ ಬರೋದು ಸಂಜೆ ಆರಕ್ಕೆ. ಇದ್ದದ್ದು ಒಂದೇ ಕಾರು. ಹಾಗಾಗಿ ವಾರದ ಐದು ದಿನ ನಾನೂ ಪುಟ್ಟಿಯೂ, ಆ ಎರಡು ರೂಮು.

ನವೆಂಬರ್ ನಡುವೆ ಒಂದು ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಆರಡಿ ಎತ್ತರದ ಆಳು, ಪೈಜಾಮದಲ್ಲಿದ್ದಾನೆ, ಕಣ್ಣು ಕೆಂಪಗಿವೆ. ಕೆಳಗಿನ ಮನೆಯವನು. ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿ ಇತ್ತು, ನಾನೂ ಎರಡು ಮಾತು ಆಡಬಹುದಿತ್ತು. ತುಂಬ ಮರ್ಯಾದೆಯಿಂದ ಹೇಳಿದ. ಅವನದು ರಾತ್ರಿ ಪಾಳಿಯ ಕೆಲಸ. ಬೆಳಗ್ಗೆ ಎಂಟೂವರೆಗೆ ಮನೆ ಸೇರಿ, ಒಂಬತ್ತಕ್ಕೆ ಮಲಗಿದರೆ ಮೂರಕ್ಕೆ ಏಳುತ್ತಾನೆ. "ನಿಮ್ಮ ಮನೇಲಿ ಏನಾದರೂ ರಿಪೇರಿ ನಡೀತಾ ಇದೆಯಾ?" ಅಂತ ಕೇಳಿದ. ನನ್ನ ಕಾಲ ಹಿಂದಿನಿಂದ ರಿಪೇರಿ ಇಣುಕಿ ನೋಡಿತು.

ಇಲ್ಲಿನ ಇಂಥ ಕಟ್ಟಡಗಳು ಮರದವು. ಮೇಲೆ ಒಂದು ಚಮಚ ಬಿದ್ದರೆ ಕೆಳಗೆ ಕೇಳುತ್ತದೆ. ಇನ್ನು ಸೋಫಾ ಮೇಲಿಂದ ಹನ್ನೆರಡು ಕಿಲೋ ಧುಮುಕಿದರೆ?

ಅವತ್ತು ರಾತ್ರಿ ಕೂತು ಲೆಕ್ಕ ಹಾಕಿದೆ. ಒಂಬತ್ತರಿಂದ ಮೂರು, ಸದ್ದಿಲ್ಲ. ಅದರಲ್ಲಿ ಎರಡು ಗಂಟೆ ಪುಟ್ಟಿಯೂ ಮಲಗುತ್ತಾಳೆ. ಅವನು ಮನೆಯಲ್ಲಿ ಇಲ್ಲದ ಹೊತ್ತು ಯಾವುದು? ಬೆಳಗ್ಗೆ ಎಂಟೂವರೆ ತನಕ. ಅಂದರೆ ಯಾವ ಐದೂವರೆಗೆ ನಾನು ದಿನಾ ಶಾಪ ಹಾಕುತ್ತಿದ್ದೆನೋ ಅದೇ ನಮ್ಮ ಆಟದ ಬಯಲು.

ಮರುದಿನದಿಂದ ಕತ್ತಲಲ್ಲೇ ಕುಣಿತ ಶುರುವಾಯಿತು. ಮಲಗುವ ಹಾಸಿಗೆಯನ್ನು ಎಳೆದು ಹಾಲ್‌ಗೆ ಹಾಕುತ್ತಿದ್ದೆ. ಸೋಫಾದಿಂದ ಹಾಸಿಗೆಗೆ ಹಾರೋದು, ಹಾಸಿಗೆಯಿಂದ ಅಡುಗೆಮನೆ ತನಕ ಓಡೋದು, ಫ್ರಿಜ್ ಮುಟ್ಟಿ ವಾಪಸ್ ಬರೋದು. ಆಮೇಲೆ ಉಪ್ಪಿನ ಮೂಟೆ. ಬೆನ್ನ ಮೇಲೆ ಹೊತ್ತುಕೊಂಡು "ಉಪ್ಪು ಬೇಕಾ ಉಪ್ಪು" ಅಂತ ರೂಮು ರೂಮು ಸುತ್ತಬೇಕು. ಹೆಂಡತಿ ಹಲ್ಲುಜ್ಜುತ್ತಾ "ಬೇಡ, ನಿನ್ನೇದೇ ಇದೆ" ಅನ್ನಬೇಕು. ಬೇಕು ಅಂದರೆ ಆಟ ಮುಗಿದುಹೋಗುತ್ತದೆ, ಅದಕ್ಕೆ ಯಾವತ್ತೂ ಬೇಕು ಅನ್ನುವ ಹಾಗಿಲ್ಲ. ಕಾಫಿ ಕುಡಿಯುವ ಮೊದಲೇ ನನ್ನ ಸೊಂಟ ಬಿದ್ದುಹೋಗಿರುತ್ತಿತ್ತು.

ಎಂಟೂವರೆಗೆ ಕೆಳಗೆ ಬಾಗಿಲು ಧಡ್ ಅಂತ ಹಾಕಿಕೊಳ್ಳುವುದು ಕೇಳುತ್ತಿತ್ತು. ಪುಟ್ಟಿ ನಿಂತಲ್ಲೇ ನಿಲ್ಲುತ್ತಿದ್ದಳು. ತುಟಿ ಮೇಲೆ ಬೆರಳಿಟ್ಟು, "ಅಂಕಲ್ ತಾಚಿ" ಅಂತ ಪಿಸುಗುಟ್ಟಿ, ತುದಿಗಾಲಲ್ಲಿ ನಡೆಯುತ್ತಿದ್ದಳು. ಸುಮಾರು ನಲವತ್ತು ಸೆಕೆಂಡು.

ಒಂಬತ್ತರ ಮೇಲೆ ಏನು ಮಾಡೋದು? ಅಲ್ಲೇ ನಾನು ಎಡವಿದ್ದು. ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಚಿಕ್ಕ ಮಕ್ಕಳಿಗೆ ಮನೆಯೊಳಗೆ ಮಾಡಿಸುವ ಚಟುವಟಿಕೆಗಳು ಸಾವಿರ ಸಿಗುತ್ತವೆ. ಒಂದರಲ್ಲಿ ಅಕ್ಕಿಗೆ ಬಣ್ಣ ಹಾಕಿ ಒಣಗಿಸಿ, ದೊಡ್ಡ ಡಬ್ಬದಲ್ಲಿ ಸುರಿದು, ಚಮಚ, ಲೋಟ ಕೊಟ್ಟು ಕೂರಿಸಿದರೆ ಮಗು ಗಂಟೆಗಟ್ಟಲೆ ಆಡುತ್ತದೆ ಅಂತ ಇತ್ತು. ಐದು ಬಣ್ಣ ಮಾಡಿದೆ. ಬಣ್ಣ ಹಾಕಿ ಹರಡೋದಕ್ಕೇ ನಲವತ್ತು ನಿಮಿಷ ಹಿಡಿಯಿತು, ಒಣಗೋಕೆ ಇಡೀ ರಾತ್ರಿ. ಪುಟ್ಟಿ ನಾಲ್ಕು ನಿಮಿಷ ಆಡಿದಳು. ಐದನೇ ನಿಮಿಷಕ್ಕೆ ಡಬ್ಬವನ್ನು ತಲೆ ಮೇಲೆ ಕವುಚಿಕೊಂಡಳು. ಕಾರ್ಪೆಟ್‌ನ ಎಳೆಯೊಳಗೆ ಸಿಕ್ಕಿಕೊಂಡ ನೀಲಿ ಅಕ್ಕಿ ಮಾರ್ಚ್ ತನಕ ಕಾಲಿಗೆ ಚುಚ್ಚುತ್ತಿತ್ತು.

ಅಮ್ಮನಿಗೆ ಹೇಳಿದೆ. ಚಳಿಗಾಲದಲ್ಲಿ ಮೈಸೂರಿಗೂ ಇಲ್ಲಿಗೂ ಹನ್ನೊಂದೂವರೆ ಗಂಟೆ ವ್ಯತ್ಯಾಸ. ನಮ್ಮ ಬೆಳಗಿನ ಏಳು ಅಂದರೆ ಅಲ್ಲಿ ಸಂಜೆ ಆರೂವರೆ, ದೇವರಿಗೆ ದೀಪ ಹಚ್ಚಿ ಅಮ್ಮ ಫೋನ್ ಮುಂದೆ ಕೂರುವ ಹೊತ್ತು.

"ಅಕ್ಕಿಗೆ ಬಣ್ಣ ಹಾಕಿ ಚೆಲ್ಲಿದ್ಯಾ? ತಲೆ ಸರಿ ಇದೆಯೇನೋ ನಿಂಗೆ?" ಅಂದರು. "ನಿನಗೆ ನಾನು ಯಾವ ಆಟ ಆಡಿಸಿದ್ದೆ? ಬೆಳ್ಳುಳ್ಳಿ ಬಿಡಿಸೋಕೆ ಕೂರಿಸ್ತಿದ್ದೆ. ಅವಳನ್ನ ಕೆಲಸಕ್ಕೆ ಹಚ್ಚೋ."

ಕೆಲ ದಿನದ ಮೇಲೆ ಶನಿವಾರ ಲೈಬ್ರರಿಯಲ್ಲಿ ಮಕ್ಕಳಿಗೆ ಕಥೆ ಹೇಳುವಾಗ ಪಕ್ಕದಲ್ಲಿ ಕೂತಿದ್ದ ಒಬ್ಬ ತಾಯಿ ಪರಿಚಯವಾದರು. ಅವರು ಆಕ್ಯುಪೇಷನಲ್ ಥೆರಪಿಸ್ಟ್ ಅಂತೆ, ಅಂದರೆ ದಿನನಿತ್ಯದ ಕೆಲಸ ಮಾಡೋಕೆ ಕಷ್ಟ ಇರುವವರಿಗೆ ತರಬೇತಿ ಕೊಡೋರು. ಪುಟ್ಟಿ ಕುರ್ಚಿಗಳನ್ನು ತಳ್ಳಿಕೊಂಡು ಹೋಗುವುದನ್ನು ನೋಡಿ ನಕ್ಕು, ಇವರಿಗೆ ತಳ್ಳೋದು, ಎಳೆಯೋದು, ಹೊರೋದು ಬೇಕು, ಮೈಗೆ ಭಾರ ಬಿದ್ದರೆ ತಾವೇ ತಣ್ಣಗಾಗುತ್ತಾರೆ ಅಂದರು. ಅದಕ್ಕೆ ಅವರಲ್ಲಿ ಹೆವಿ ವರ್ಕ್ ಅಂತ ಹೆಸರು. ಅಮ್ಮನಿಗೆ ಹೇಳಿದರೆ "ಅದಕ್ಕೊಂದು ಓದು ಬೇರೆ ಇದೆಯಾ?" ಅಂತ ಕೇಳಿದರು.

ಅಲ್ಲಿಂದ ನಮ್ಮ ಮನೆಯಲ್ಲಿ ಆಟದ ಸಾಮಾನು ಮೂಲೆ ಸೇರಿತು. ಇಂಡಿಯನ್ ಅಂಗಡಿಯ ಇಪ್ಪತ್ತು ಪೌಂಡಿನ ಸೋನಾಮಸೂರಿ ಚೀಲವನ್ನು ಬಾಗಿಲಿಂದ ಅಡುಗೆಮನೆಗೆ ತಳ್ಳೋದು ಪುಟ್ಟಿ ಕೆಲಸ. ಸುಮಾರು ಒಂಬತ್ತು ಕಿಲೋ. ತಲೆ ತಗ್ಗಿಸಿ, ಎರಡೂ ಕೈ ಊರಿ, ಬೈಠಕ್ ಹೊಡೆಯುವ ಪೈಲ್ವಾನನ ಹಾಗೆ ಉಸಿರು ಬಿಡುತ್ತಾ ತಳ್ಳುತ್ತಿದ್ದಳು. ಸದ್ದೂ ಇಲ್ಲ. ಅವಳು ಮಲಗಿದ ಮೇಲೆ ನಾನು ಆ ಚೀಲವನ್ನು ಮತ್ತೆ ಬಾಗಿಲ ಹತ್ತಿರ ತಂದಿಡುತ್ತಿದ್ದೆ. ಇದನ್ನು ಅವಳು ದೊಡ್ಡವಳಾದ ಮೇಲೆ ಓದಿದರೆ ಓದಲಿ.

ಎಲ್ಲಕ್ಕಿಂತ ದೊಡ್ಡ ಜಾತ್ರೆ ಅಂದರೆ ಬಟ್ಟೆ ಒಗೆಯೋದು. ಮೆಷಿನ್ ಇದ್ದದ್ದು ಕಟ್ಟಡದ ಕೆಳಗಿನ ಲಾಂಡ್ರಿ ರೂಮಿನಲ್ಲಿ. ಮೊದಲೆಲ್ಲ ವಾರಕ್ಕೊಮ್ಮೆ, ಹೆಂಡತಿ ಇದ್ದಾಗ ಒಬ್ಬನೇ ಹೋಗಿ ಮುಗಿಸುತ್ತಿದ್ದೆ. ಈಗ ಬೇಕಂತಲೇ ದಿನ ಬಿಟ್ಟು ದಿನ, ಸ್ವಲ್ಪ ಸ್ವಲ್ಪ. ಪುಟ್ಟಿ ಒಂದು ಸಣ್ಣ ಬುಟ್ಟಿಯನ್ನು ಎಳೆದುಕೊಂಡು ಕಾರಿಡಾರ್ ಉದ್ದಕ್ಕೂ ನಡೆಯುತ್ತಾಳೆ. ಮೆಟ್ಟಿಲು ಒಂದೊಂದೇ ಇಳಿಯುತ್ತಾಳೆ, ಪ್ರತಿ ಮೆಟ್ಟಿಲಿಗೂ ಎರಡೂ ಕಾಲು. ಮೆಷಿನ್‌ಗೆ 25 ಸೆಂಟಿನ ಏಳು ನಾಣ್ಯ ಹಾಕಬೇಕು. ಒಂದೊಂದೇ ನಾಣ್ಯವನ್ನು ನನ್ನ ಅಂಗೈಯಿಂದ ತೆಗೆದು, ಆ ಸಂದಿಯಲ್ಲಿ ನಿಲ್ಲಿಸಿ, ಹೆಬ್ಬೆರಳಿಂದ ಒತ್ತುತ್ತಾಳೆ. ಬಾಯಿಗೆ ಹಾಕದ ಹಾಗೆ ನಾನು ಕಣ್ಣು ಮಿಟುಕಿಸದೆ ಕಾಯುತ್ತೇನೆ. ಏಳಕ್ಕೆ ಏಳೂ ಹೋದ ಮೇಲೆ ಮೆಷಿನ್ ಗುರ್ ಅನ್ನುತ್ತದೆ, ಅವಳು ಎರಡು ಹೆಜ್ಜೆ ಹಿಂದೆ ಹಾರುತ್ತಾಳೆ. ಪ್ರತಿ ಸಲವೂ.

ಡ್ರೈಯರ್‌ನಿಂದ ತೆಗೆದ ಬಿಸಿ ಬಟ್ಟೆಯನ್ನು ಮನೆಗೆ ತಂದು ಅವಳ ಮೇಲೆ ಸುರಿಯುವುದು ಇದರ ಮಂಗಳಾರತಿ. ಬಟ್ಟೆ ರಾಶಿಯೊಳಗೆ ಅಲ್ಲಾಡದೆ ಮಲಗಿರುತ್ತಿದ್ದಳು, ಬರೀ ಒಂದು ಕಣ್ಣು ಕಾಣುತ್ತಿತ್ತು. ದಿನವಿಡೀ ಅವಳು ಸುಮ್ಮನಿರುತ್ತಿದ್ದ ಜಾಗ ಎರಡೇ. ಒಂದು ಇದು. ಇನ್ನೊಂದು ಓವನ್ ಮುಂದೆ.

ಚಳಿಗಾಲದಲ್ಲಿ ಮನೆಯನ್ನು 20 ಡಿಗ್ರಿಯಲ್ಲಿ ಇಟ್ಟರೂ ಇಡ್ಲಿ ಹಿಟ್ಟು ಹುಳಿ ಬರೋದಿಲ್ಲ. ರಾತ್ರಿ ರುಬ್ಬಿಟ್ಟರೆ ಬೆಳಗ್ಗೆಯೂ ಹಾಗೇ ಕಲ್ಲಿನ ಹಾಗೆ ಕೂತಿರುತ್ತದೆ. ಇಲ್ಲಿನ ನಮ್ಮವರೆಲ್ಲ ಮಾಡುವ ಉಪಾಯ ಅಂದರೆ ಓವನ್ ಹಚ್ಚದೆ, ಒಳಗಿನ ಲೈಟ್ ಮಾತ್ರ ಹಾಕಿ ಪಾತ್ರೆಯನ್ನು ಒಳಗಿಡೋದು. ಆ ಬಲ್ಬಿನ ಬಿಸಿಯೇ ಸಾಕು. ನಾನು ಗಾಜಿನ ಡಬ್ಬಕ್ಕೆ ಹಿಟ್ಟು ಹಾಕಿ, ಎಷ್ಟಿದೆ ಅಂತ ಗೊತ್ತಾಗಲಿ ಅಂತ ಸುತ್ತ ಒಂದು ಕೆಂಪು ರಬ್ಬರ್ ಬ್ಯಾಂಡ್ ಹಾಕಿದೆ. ಪುಟ್ಟಿ ತನ್ನ ಪುಟ್ಟ ಸ್ಟೂಲ್ ತಂದು ಓವನ್ ಕಿಟಕಿಯ ಮುಂದೆ ಕೂತಳು. ಹಳದಿ ಬೆಳಕಲ್ಲಿ ಬಿಳೀ ಹಿಟ್ಟು. ಕೆಳಗಿನಿಂದ ಒಂದು ಗುಳ್ಳೆ ನಿಧಾನ ಮೇಲೆ ಬಂದು ಒಡೆಯಿತು. "ಅಪ್ಪಾ, ಉಬ್ಬಿತಾ?" ಅಂದಳು.

"ಇಲ್ಲ, ಇನ್ನೂ ಹೊತ್ತಿದೆ."

ಹತ್ತು ನಿಮಿಷ ಬಿಟ್ಟು ಬಂದು ಮತ್ತೆ ಕೇಳಿದಳು. ಆ ರಬ್ಬರ್ ಬ್ಯಾಂಡ್‌ಗಿಂತ ಹಿಟ್ಟು ಒಂದು ಬೆರಳು ಮೇಲೆ ಬಂದಾಗ ಅವಳು ಮನೆಯೆಲ್ಲ ಓಡಿ ಸಾರಿದಳು. ಒಂಬತ್ತರ ಮೇಲಾಗಿತ್ತು, ಕೆಳಗೆ ಅಂಕಲ್ ಮಲಗಿದ್ದರು, ಆದರೂ ಬಿಟ್ಟೆ. ಮಕ್ಕಳಿಗೆ ಎರಡರಿಂದ ಐದು ವರ್ಷದ ತನಕ ಟಿವಿ, ಮೊಬೈಲ್ ಎಲ್ಲ ಸೇರಿ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಬೇಡ ಅಂತ ಇಲ್ಲಿನ ಮಕ್ಕಳ ಡಾಕ್ಟರುಗಳ ಸಂಘ, ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್‌ನವರು ಆಗ ಹೇಳುತ್ತಿದ್ದರು. ನಮ್ಮ ಮನೆಯಲ್ಲಿ ಕೆಲವು ದಿನ ಎರಡೂವರೆ ಗಂಟೆ ಆಗಿದ್ದೂ ಇದೆ, ಸುಳ್ಳು ಯಾಕೆ ಹೇಳಲಿ. ಆದರೆ ಹಿಟ್ಟು ರುಬ್ಬಿದ ದಿನ ಟಿವಿ ಕೇಳುತ್ತಲೇ ಇರಲಿಲ್ಲ. ಒಂದು ಭಾನುವಾರ ಮಾತ್ರ ಒಳಗೆ ಹಿಟ್ಟಿರೋದು ಗೊತ್ತಿಲ್ಲದೆ ಹೆಂಡತಿ ಕೇಕ್ ಮಾಡೋಕೆ ಅಂತ ಓವನ್ ಹಚ್ಚಿದಳು. ಪ್ಲಾಸ್ಟಿಕ್ ಮುಚ್ಚಳ ಕರಗಿ ಹಿಟ್ಟಿನ ಮೇಲೆ ಕೂತಿತು. ಪುಟ್ಟಿ ಅತ್ತಿದ್ದು ಅತ್ತಿದ್ದೇ. ಅವತ್ತಿನಿಂದ ಓವನ್ ಗುಂಡಿಯ ಮೇಲೆ "ಹಿಟ್ಟಿದೆ" ಅಂತ ಚೀಟಿ ಅಂಟಿಸುವುದು ಪದ್ಧತಿಯಾಯಿತು.

ಇನ್ನು ಆಚೆ ಹೋಗೋ ವಿಷಯ. ಎಷ್ಟೇ ಚಳಿ ಇದ್ದರೂ ದಿನಕ್ಕೊಮ್ಮೆ ಆಚೆ ಕರೆದುಕೊಂಡು ಹೋಗಲೇಬೇಕು ಅಂತ ನಾನೇ ಒಂದು ನಿಯಮ ಮಾಡಿಕೊಂಡಿದ್ದೆ. ಇಲ್ಲಿ ಥರ್ಮಾಮೀಟರ್ ನೋಡಿದರೆ ಸಾಲದು, ಗಾಳಿ ಸೇರಿಸಿದ ಲೆಕ್ಕ ನೋಡಬೇಕು. ಅದು ಮೈನಸ್ 28ರ ಹತ್ತಿರ ಹೋದರೆ ಮುಚ್ಚದ ಚರ್ಮ ಅರ್ಧ ಗಂಟೆಯಲ್ಲಿ ಮರಗಟ್ಟುತ್ತದೆ. ಹಾಗಾಗಿ ಮೈನಸ್ 20 ತನಕ ನಾವು ಹೋಗುತ್ತಿದ್ದೆವು, ಅದರ ಕೆಳಗೆ ಇಲ್ಲ.

ಹೋಗೋದು ಸುಲಭ, ಹೊರಡೋದು ಕಷ್ಟ. ಮೈಗಂಟುವ ಥರ್ಮಲ್, ಅದರ ಮೇಲೆ ಉಣ್ಣೆಯದು, ಎರಡು ಜೊತೆ ಸಾಕ್ಸ್, ಭುಜದ ತನಕ ಬರುವ ಸ್ನೋ ಪ್ಯಾಂಟ್, ಬೂಟು, ಕೈಗೆ ಮಿಟನ್ ಅನ್ನೋ ಗವಸು, ಜಾಕೆಟ್, ಟೋಪಿ. ಈ ಕ್ರಮ ಕಲಿಯೋಕೆ ನನಗೆ ಎರಡು ವಾರ ಬೇಕಾಯಿತು. ಜಾಕೆಟ್ ಹಾಕಿದ ಮೇಲೆ ಮಿಟನ್ ಹಾಕಿದರೆ ಮಣಿಕಟ್ಟಿನಲ್ಲಿ ಸಂದಿ ಉಳಿದು ಹಿಮ ಒಳಗೆ ಹೋಗುತ್ತದೆ. ಮೊದಲು ಮಿಟನ್, ಆಮೇಲೆ ಅದರ ಮೇಲೆ ಜಾಕೆಟ್ ತೋಳು. ಇನ್ನು ಆ ಮಿಟನ್‌ನಲ್ಲಿ ಹೆಬ್ಬೆರಳಿಗೆ ಮಾಡಿದ ಗೂಡು. ಎರಡು ವರ್ಷದ ಮಗುವಿನ ಹೆಬ್ಬೆರಳು ಅದರೊಳಗೆ ಯಾವತ್ತೂ ಹೋಗುವುದಿಲ್ಲ. ಒಳಗೆ ಕೈ ಮುಷ್ಟಿ ಕಟ್ಟಿ ಕೂತಿರುತ್ತದೆ. ಹೊರಗಿನಿಂದ ಹಿಸುಕಿ ಹಿಸುಕಿ, "ಹೆಬ್ಬೆರಳಣ್ಣ ಎಲ್ಲಿ, ಮನೆಗೆ ಬಾರಣ್ಣ" ಅಂತ ಕರೆದು, ಒಳಗೆ ತೂರಿಸಬೇಕು. ಒಂದು ಸಲ ಗಡಿಯಾರ ನೋಡಿ ಲೆಕ್ಕ ಇಟ್ಟೆ. ಹೊರಡೋಕೆ 22 ನಿಮಿಷ, ಆಚೆ ಇದ್ದದ್ದು 9 ನಿಮಿಷ.

ಆ 9 ನಿಮಿಷದಲ್ಲಿ ಬಿದ್ದರೆ ಅವಳಿಗೆ ಏಳೋಕೆ ಆಗುತ್ತಿರಲಿಲ್ಲ. ಅಷ್ಟು ಬಟ್ಟೆ. ಬೆನ್ನ ಮೇಲೆ ಬಿದ್ದ ಜೀರುಂಡೆಯ ಹಾಗೆ ಕೈಕಾಲು ಆಡಿಸುತ್ತಾ ಆಕಾಶ ನೋಡುತ್ತಿದ್ದಳು. ಜಾಸ್ತಿ ಚಳಿ ಇದ್ದ ದಿನ ಹಿಮ ಕಾಲಡಿಯಲ್ಲಿ ಕಿರ್ ಕಿರ್ ಅನ್ನುತ್ತದೆ, ಹೊಸ ಚಪ್ಪಲಿಯ ಹಾಗೆ. ಅದನ್ನು ಕೇಳೋಕೆ ಅವಳು ಮೂರು ಹೆಜ್ಜೆ ಇಟ್ಟು ನಿಲ್ಲೋದು, ಮತ್ತೆ ಮೂರು ಹೆಜ್ಜೆ. ಒಂದು ವಿಷಯಕ್ಕೆ ಮಾತ್ರ ಅವಳಿಗೆ ನನ್ನ ಮೇಲೆ ಸಿಟ್ಟು. ಚಿತ್ರದ ಪುಸ್ತಕದಲ್ಲಿ ಮಕ್ಕಳು ಹಿಮದ ಉಂಡೆ ಕಟ್ಟುತ್ತಾರೆ, ಅಪ್ಪನಿಗೆ ಬರಲ್ಲ. ಅದು ನನ್ನ ತಪ್ಪಲ್ಲ. ಆ ಚಳಿಯಲ್ಲಿ ಬೀಳುವ ಹಿಮದಲ್ಲಿ ಪಸೆ ಇರೋದಿಲ್ಲ. ಹಿಡಿದರೆ ರವೆಯ ಹಾಗೆ ಬೆರಳ ಸಂದಿಯಿಂದ ಜಾರುತ್ತದೆ. ಇದನ್ನು ಅವಳಿಗೆ ಹೇಗೆ ವಿವರಿಸೋದು?

ಶನಿವಾರ, ಭಾನುವಾರ ಕಾರು ಸಿಗುತ್ತಿತ್ತು. ಕಾರಿನ ಸೀಟಿಗೆ ದಪ್ಪ ಜಾಕೆಟ್ ಹಾಕಿಕೊಂಡು ಮಗುವನ್ನು ಕೂರಿಸಬಾರದು. ಅಪಘಾತವಾದರೆ ಜಾಕೆಟ್ ಅದುಮಿಹೋಗಿ ಬೆಲ್ಟ್ ಸಡಿಲವಾಗುತ್ತದೆ. ಅದಕ್ಕೆ ತಣ್ಣಗೆ ಕೊರೆಯುವ ಕಾರಿನಲ್ಲಿ ಜಾಕೆಟ್ ಬಿಚ್ಚಿ, ಬೆಲ್ಟ್ ಬಿಗಿದು, ಜಾಕೆಟನ್ನು ಹಿಂದುಮುಂದಾಗಿ ಹೊದಿಸಬೇಕು. ನಾವು ಜಾಸ್ತಿ ಹೋಗುತ್ತಿದ್ದದ್ದು ಸೇಂಟ್ ಪಾಲ್‌ನ ಕೋಮೋ ಪಾರ್ಕಿನ ಗಾಜಿನ ಮನೆಗೆ. 1915ರಲ್ಲಿ ತೆರೆದದ್ದು, ನಮ್ಮ ಲಾಲ್‌ಬಾಗ್ ಗಾಜಿನ ಮನೆಯ ತಮ್ಮನ ಹಾಗಿದೆ. ಟಿಕೆಟ್ ಇಲ್ಲ, ಮನಸ್ಸು ಬಂದಷ್ಟು ಡಬ್ಬಕ್ಕೆ ಹಾಕಬಹುದು. ಬಾಗಿಲು ದಾಟಿದ ಕೂಡಲೇ ನನ್ನ ಕನ್ನಡಕ ಬೆಳ್ಳಗೆ ಮಂಜಾಗುತ್ತಿತ್ತು. ಏನೂ ಕಾಣದೆ ನಿಂತಾಗ ಮೊದಲು ಬರುತ್ತಿದ್ದದ್ದು ವಾಸನೆ. ಒದ್ದೆ ಮಣ್ಣು. ಮಳೆ ಬಂದ ಮಾರನೇ ದಿನ ಹಿತ್ತಲ ಬಾಗಿಲು ತೆಗೆದ ಹಾಗೆ. ಎತ್ತರದ ತಾಳೆ ಮರಗಳ ಕೆಳಗೆ ನಾನು ಬೆಂಚಿನ ಮೇಲೆ ಕೂತು ಸುಮ್ನೆ ಉಸಿರಾಡುತ್ತಿದ್ದೆ. ಪುಟ್ಟಿಯನ್ನು ಅಟ್ಟಿಸಿಕೊಂಡು ಹೋಗೋದು ಆ ಎರಡು ದಿನ ಅವಳ ಅಮ್ಮನ ಪಾಲು.

ಸಂಕ್ರಾಂತಿಗೆ ಐದು ವರ್ಷದೊಳಗಿನ ಮಕ್ಕಳಿಗೆ ಎಲಚಿ ಹಣ್ಣು ಎರೆಯೋದು ನಮ್ಮಲ್ಲಿ ಪದ್ಧತಿ. ಎಲಚಿ ಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಸೇರಿಸಿ ತಲೆ ಮೇಲಿಂದ ಸುರಿದು ಆರತಿ ಮಾಡೋದು. ಈಡನ್ ಪ್ರೇರಿಯಲ್ಲಿ ಎಲಚಿ ಹಣ್ಣು ಎಲ್ಲಿ? ಗಾತ್ರ ಒಂದೇ ಅಲ್ವಾ ಅಂತ ಕ್ರಾನ್‌ಬೆರಿ ತಂದೆವು. ಪಕ್ಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ರಾಶಿ ರಾಶಿ ಬೆಳೆಯುತ್ತಾರೆ. ಆದರೆ ಜನವರಿಯಲ್ಲಿ ನಮಗೆ ಸಿಕ್ಕಿದ್ದು ಫ್ರೀಜರ್‌ನಲ್ಲಿಟ್ಟ ಪ್ಯಾಕೆಟ್. ಕಲ್ಲಿನ ಹಾಗಿದೆ, ತಲೆಗೆ ಪೆಟ್ಟಾಗುತ್ತದೆ ಅಂತ ಬೆಳಗ್ಗೆಯೇ ಆಚೆ ತೆಗೆದಿಟ್ಟೆ. ಕರಗಿದ ಮೇಲೆ ಅವು ಮೆತ್ತಗಾಗಿ ರಸ ಬಿಟ್ಟಿದ್ದು ನಾನು ಗಮನಿಸಲಿಲ್ಲ. ಫೋನ್‌ನಲ್ಲಿ ಅಮ್ಮ ಹಾಡು ಹೇಳುತ್ತಿದ್ದಾರೆ, ಹೆಂಡತಿ ಸೇರಿನಿಂದ ಸುರಿದಳು, ಪುಟ್ಟಿ ಖುಷಿಯಿಂದ ಎದ್ದು ಅದರ ಮೇಲೆಲ್ಲ ಕುಣಿದಳು. ಬಾಡಿಗೆ ಮನೆಯ ಬೂದು ಬಣ್ಣದ ಕಾರ್ಪೆಟ್ ಮೇಲೆ. ಆ ಕೆಂಪು ಕಲೆ ಅಡ್ವಾನ್ಸ್ ದುಡ್ಡಿನಲ್ಲಿ ಮುರಿದುಕೊಳ್ಳುವ ತನಕ ಹೋಗಲಿಲ್ಲ.

ಎಳ್ಳು ಬೆಲ್ಲವನ್ನು ಪುಟ್ಟಿಗೆ ಪುಡಿ ಮಾಡಿ ಕೊಟ್ಟೆವು, ಕಡಲೆಬೀಜ ಗಂಟಲಿಗೆ ಸಿಕ್ಕೀತು ಅಂತ. ಒಂದು ಡಬ್ಬ ಕೆಳಗಿನ ಮನೆಗೂ ಕೊಟ್ಟು ಬಂದೆವು, ಮೂರೂವರೆ ಆಗಲಿ ಅಂತ ಕಾದು. ಅವನು ಡಬ್ಬ ತಿರುಗಿಸಿ ನೋಡಿ, ಇದಕ್ಕೆ ಹಾಲು ಹಾಕಿಕೊಳ್ಳಬೇಕಾ ಅಂತ ಕೇಳಿದ.

ಜನವರಿ ಕೊನೆಯ ವಾರ ಆ ಚಳಿ ಬಂತು. ಉತ್ತರ ಧ್ರುವದ ಮೇಲೆ ಸುತ್ತುವ ತಣ್ಣನೆ ಗಾಳಿ ಕೆಳಗೆ ಜಾರಿ ನಮ್ಮ ತಲೆ ಮೇಲೆ ಕೂತಿತು. ಜನವರಿ 30ರ ಬುಧವಾರ ಬೆಳಗ್ಗೆ ಮಿನಿಯಾಪೊಲಿಸ್‌ನಲ್ಲಿ ಮೈನಸ್ 33. ಗಾಳಿ ಸೇರಿಸಿದರೆ ಮೈನಸ್ 45ಕ್ಕಿಂತ ಕೆಳಗೆ. ಶಾಲೆಗಳಿಗೆ ರಜೆ. ಅಂಚೆಯವರೂ ಅವತ್ತು ಬರಲಿಲ್ಲ. ಕಿಟಕಿ ಗಾಜಿನ ಒಳಗಡೆಯೇ ಮಂಜು ಕಟ್ಟಿತ್ತು, ಪುಟ್ಟಿ ಅದನ್ನು ಉಗುರಿನಿಂದ ಕೆರೆದು ತಿಂದಳು. ಗಾಳಿ ಎಷ್ಟು ಒಣ ಅಂದರೆ ಕಾರ್ಪೆಟ್ ಮೇಲೆ ಓಡಿ ಬಂದು ನನ್ನನ್ನು ಮುಟ್ಟಿದರೆ ಚಟ್ ಅಂತ ಕಿಡಿ. ಅವಳಿಗೆ ಅದೊಂದು ಹೊಸ ಆಟ ಸಿಕ್ಕಿತು. ನನಗೆ ದಿನಕ್ಕೆ ಐವತ್ತು ಸಲ ಶಾಕ್.

ನಲ್ಲಿ ಪೈಪು ಹೆಪ್ಪುಗಟ್ಟದ ಹಾಗೆ ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆಗೆದಿಡಿ, ಮನೆಯ ಬಿಸಿ ಒಳಗೆ ಹೋಗಲಿ ಅಂತ ಕಟ್ಟಡದವರ ಸೂಚನೆ ಬಂತು. ಮೂರು ತಿಂಗಳಿಂದ ಬೀಗ ಹಾಕಿ ಕಾಪಾಡಿದ್ದ ಕಪಾಟು! ಸೋಪಿನ ನೀರು, ಬ್ಲೀಚು ಎಲ್ಲ ಫ್ರಿಜ್ ಮೇಲಕ್ಕೆ ಏರಿಸಿ ಬಾಗಿಲು ತೆಗೆದೆ. ಪುಟ್ಟಿ ಒಳಗೆ ಹೋಗಿ ಕೂತಳು. ಅರ್ಧ ಬೆಳಗ್ಗೆ ಅಲ್ಲೇ ಕಳೆಯಿತು.

ಆಮೇಲೆ ಕಿಟಕಿ ಹತ್ತಿರ ನಿಂತು "ಆಚೆ" ಅಂದಳು. ಇಲ್ಲ ಅಂದೆ. ಬೂಟು ತಂದಳು. ಇಲ್ಲ ಅಂದೆ. ಬೂಟನ್ನು ನೆಲಕ್ಕೆ ಬಡಿಯೋಕೆ ಶುರು ಮಾಡಿದಳು. ಗಂಟೆ ಹತ್ತು, ಕೆಳಗೆ ಅವನು ಮಲಗಿದ್ದಾನೆ.

ಮಗು ಆಚೆ ಹೋಗುವಂತಿಲ್ಲ ಸರಿ, ಹಿಮ ಒಳಗೆ ಬರಬಹುದಲ್ಲ ಅಂತ ಆಗ ಹೊಳೆಯಿತು. ಆ ವಾರದ ಶುರುವಿಗೆ ಬಿದ್ದ ಹಿಮ ಬಾಲ್ಕನಿಯಲ್ಲಿ ಹಾಗೇ ಇತ್ತು. ಅವಳನ್ನು ಗಾಜಿನ ಬಾಗಿಲ ಒಳಗಡೆ ನಿಲ್ಲಿಸಿ, ದೊಡ್ಡ ಇಡ್ಲಿ ಪಾತ್ರೆ ಹಿಡಿದು ನಾನು ಹೋದೆ. ಮೂರು ನಿಮಿಷವೂ ಇರಲಿಲ್ಲ. ಮೂಗಿನ ಕೂದಲು ಒಳಗೇ ಗರಿಗರಿ ಆದದ್ದು ಗೊತ್ತಾಯಿತು. ನಾಲ್ಕು ಪಾತ್ರೆ ಹಿಮ ತಂದು ಬಾತ್ ಟಬ್‌ಗೆ ಸುರಿದೆ. ಅವಳಿಗೆ ಸ್ನೋ ಪ್ಯಾಂಟು, ಮಿಟನ್ ಹಾಕಿ ಟಬ್ಬಿನೊಳಗೆ ಇಳಿಸಿದೆ. ಸೌಟು, ಲೋಟ, ಒಂದು ಇಡ್ಲಿ ತಟ್ಟೆ ಕೊಟ್ಟೆ.

ಮೊದಲು ಅದೇ ರವೆ. ಸೌಟಿನಲ್ಲಿ ತೆಗೆದು ಲೋಟಕ್ಕೆ ಹಾಕಿದಳು, ಸುರಿದಳು, ಹಾಕಿದಳು. ನಾನು ಕಮೋಡಿನ ಮುಚ್ಚಳದ ಮೇಲೆ ಕೂತು ಕಾಫಿ ಕುಡಿದೆ. ಸ್ವಲ್ಪ ಹೊತ್ತಿಗೆ ಬಚ್ಚಲುಮನೆಯ ಬಿಸಿಗೆ ಹಿಮದ ಬಣ್ಣ ಬದಲಾಯಿತು. ಹೊಳಪು ಹೋಗಿ ತೇವದ ಬಿಳುಪು ಬಂತು. ಅವಳು ಎರಡು ಕೈಯಲ್ಲಿ ಹಿಡಿದು ಅದುಮಿದಳು. ಕೈ ತೆಗೆದಾಗ ಅದು ಹಾಗೇ ನಿಂತಿತ್ತು. ಮಿಟನ್ ನಡುವೆ ಒಂದು ಸೊಟ್ಟ ಉಂಡೆ. ಅದನ್ನು ನೋಡಿದಳು. ನನ್ನನ್ನು ನೋಡಿದಳು.

"ಅಪ್ಪಾ, ರವೆ ಉಂಡೆ."

ಹನ್ನೊಂದು ಕಟ್ಟಿದಳು. ಇಡ್ಲಿ ತಟ್ಟೆಯ ಗುಳಿಯಲ್ಲಿ ಒಂದೊಂದು ಇಟ್ಟಳು. ಒಂದು ಅಜ್ಜಿಗೆ ಬೇಕು ಅಂತ ಹಟ. ಅದನ್ನು ಫ್ರೀಜರ್‌ನಲ್ಲಿ, ಬಟಾಣಿ ಪ್ಯಾಕೆಟ್ ಪಕ್ಕದಲ್ಲಿ ಇಟ್ಟೆವು. ಮರುದಿನ ಬೆಳಗ್ಗೆ ಏಳಕ್ಕೆ ಫೋನ್ ಮುಂದೆ ಹಿಡಿದಾಗ ಅಮ್ಮ ತಿಂದ ಹಾಗೆ ಬಾಯಿ ಆಡಿಸಿ, "ತುಪ್ಪ ಸ್ವಲ್ಪ ಕಮ್ಮಿ ಆಯ್ತು ಪುಟ್ಟಿ" ಅಂದರು.

ಫೆಬ್ರವರಿಯಲ್ಲಿ ಬರೀ ಹಿಮ. ಮಿನಿಯಾಪೊಲಿಸ್‌ನಲ್ಲಿ ಆ ಒಂದೇ ತಿಂಗಳು 39 ಇಂಚು ಬಿತ್ತು. ದಾಖಲೆ ಇಟ್ಟಾಗಿನಿಂದ ಯಾವ ಫೆಬ್ರವರಿಯಲ್ಲೂ ಅಷ್ಟು ಬಿದ್ದಿರಲಿಲ್ಲ. ಪಾರ್ಕಿಂಗ್ ಜಾಗದಲ್ಲಿ ಗೋರಿ ಹಾಕಿದ ಹಿಮದ ಗುಡ್ಡ ನನಗಿಂತ ಎತ್ತರ ಇತ್ತು. ಆದರೆ ಚಳಿ ಅಷ್ಟಿರಲಿಲ್ಲ, ಪುಟ್ಟಿ ಆ ಗುಡ್ಡ ಹತ್ತಿ ಜಾರಿ ಹತ್ತಿ ಜಾರಿ ದಿನ ಕಳೆದಳು. ಆ ತಿಂಗಳ ಬಗ್ಗೆ ಹೇಳೋಕೆ ಜಾಸ್ತಿ ಏನೂ ಇಲ್ಲ, ನಾವು ಮನೆಯೊಳಗೆ ಇದ್ದದ್ದೇ ಕಡಿಮೆ.

ಮಾರ್ಚ್ 10ಕ್ಕೆ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದರು. ಪುಟ್ಟಿಗೆ ಅದೆಲ್ಲ ಗೊತ್ತಿಲ್ಲವಲ್ಲ. ಅವಳ ಹಳೇ ಐದೂವರೆಯೇ ಈಗ ಆರೂವರೆ ಆಯಿತು. ಬದುಕಿನಲ್ಲಿ ಮೊದಲ ಸಲ ಸರ್ಕಾರ ನನಗೆ ಒಂದು ಗಂಟೆ ನಿದ್ದೆ ಕೊಟ್ಟಿತು. ಕುಣಿಯೋಕೆ ಎಂಟೂವರೆ ತನಕ ಇನ್ನೂ ಎರಡು ಗಂಟೆ ಉಳಿದಿತ್ತು, ಅಷ್ಟು ಸಾಕು. ಎಲ್ಲ ಹೊಂದಿಕೊಂಡಿತು ಅಂದುಕೊಂಡೆ.

ಆ ವಾರವೇ ಒಂದು ಸಂಜೆ ಟಪಾಲು ಪೆಟ್ಟಿಗೆ ಹತ್ತಿರ ಕೆಳಗಿನ ಮನೆಯವನು ಸಿಕ್ಕ. ಕ್ಷೌರ ಮಾಡಿಸಿಕೊಂಡಿದ್ದ, ಮುಖದಲ್ಲಿ ಕಳೆ ಇತ್ತು. ಮುಂದಿನ ಸೋಮವಾರದಿಂದ ಹಗಲು ಪಾಳಿ ಸಿಕ್ಕಿದೆ ಅಂದ. ಇನ್ನು ಎಲ್ಲರ ಹಾಗೆ ರಾತ್ರಿ ಮಲಗಬಹುದು, ಬೆಳಗ್ಗೆ ಎಂಟರ ತನಕ ಆರಾಮ ನಿದ್ದೆ. ಅಭಿನಂದನೆ ಹೇಳಿದೆ. ಬೇರೆ ಏನು ಹೇಳಲಿ?

ಪುಟ್ಟಿ ನಮ್ಮ ಟಪಾಲಿನಲ್ಲಿ ಬಂದಿದ್ದ ಪಿಜ್ಜಾ ಕೂಪನ್ ಒಂದನ್ನು ಎತ್ತಿ ಅವನ ಕೈಗೆ ಕೊಟ್ಟಳು. ಆಮೇಲೆ ತುಟಿ ಮೇಲೆ ಬೆರಳಿಟ್ಟು, ಅವನಿಗೇ "ಶ್ಶ್" ಅಂದಳು.